ರೆಪ್ಪೆ ಆಪರೇಷನ್ ಮಾಡಿಸಲೋ ಬೇಡವೋ? ಮಾಡಿಸಿದವರು, ಬೇಡ ಅಂತ ಬಿಟ್ಟವರು ಇಬ್ಬರೂ ಹೇಳಿ

ಮಬ್ಬುಮಂಜು
ನಮಸ್ಕಾರ ಎಲ್ಲರಿಗೂ. ನನಗೆ 52. ಮೇಲಿನ ರೆಪ್ಪೆಯ ಚರ್ಮ ಸಡಿಲವಾಗಿ ಮಡಿಕೆ ಬಿದ್ದಿದೆ. ಹೊರಮೂಲೆಯಲ್ಲಂತೂ ರೆಪ್ಪೆಗೂದಲ ಮೇಲೇ ಬಂದು ಕೂತಿದೆ. ಐಲೈನರ್ ಹಚ್ಚಿದರೆ ಸ್ವಲ್ಪ ಹೊತ್ತಿಗೇ ಮಡಿಕೆಗೆ ಅಂಟಿಕೊಂಡು ಮಸಿ ಬಳಿದ ಹಾಗೆ ಆಗುತ್ತದೆ. ಕಣ್ಣ ಕೆಳಗೆ ಚೀಲ ಬೇರೆ. ಕಣ್ತುಂಬ ನಿದ್ದೆ ಮಾಡಿ ಬಂದ ದಿನವೂ ಆಫೀಸಿನಲ್ಲಿ "ಯಾಕೆ ಮೇಡಂ, ಹುಷಾರಿಲ್ವಾ?" ಅಂತ ಕೇಳುತ್ತಾರೆ. ಮೊದಮೊದಲು ನಗು ಬರುತ್ತಿತ್ತು. ಈಗ ಸಿಟ್ಟು ಬರುತ್ತದೆ.

ಕಳೆದ ತಿಂಗಳು ಒಂದು ಕ್ಲಿನಿಕ್‌ಗೆ ಹೋಗಿದ್ದೆ. ಕೈಗೆ ಕನ್ನಡಿ ಕೊಟ್ಟರು, ಕಡ್ಡಿಯಿಂದ ಚರ್ಮ ಎತ್ತಿ ತೋರಿಸಿದರು, "ಮೇಲೆ ಕೆಳಗೆ ಎರಡೂ ಒಟ್ಟಿಗೆ ಮಾಡಿಬಿಡೋಣ" ಅಂದರು. ಕಣ್ಣಿನ ಪರೀಕ್ಷೆ ಅಂತ ಏನೂ ಆಗಲಿಲ್ಲ. ಹೊರಗೆ ಬಂದರೆ ರಿಸೆಪ್ಷನ್‌ನಲ್ಲಿ ಆಗಲೇ ಡೇಟ್ ಬರೆದಿಟ್ಟು ಅಡ್ವಾನ್ಸ್ ಕೇಳಿದರು. ಯೋಚಿಸಿ ಹೇಳುತ್ತೇನೆ ಅಂತ ಎದ್ದು ಬಂದೆ.

ಯಜಮಾನರು "ಈ ವಯಸ್ಸಿಗೆ ಇದೆಲ್ಲ ಯಾಕೆ" ಅನ್ನುತ್ತಾರೆ. ಮಗಳು "ಮಾಡಿಸ್ಕೋ ಅಮ್ಮ" ಅನ್ನುತ್ತಾಳೆ. ಬಿಪಿ ಮಾತ್ರೆ ತಗೊಳ್ಳುತ್ತೇನೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತೇನೆ. ಸಂಜೆ ಹೊತ್ತಿಗೆ ಕಣ್ಣು ಉರಿಯುತ್ತದೆ. ಇದೆಲ್ಲ ಲೆಕ್ಕಕ್ಕೆ ಬರುತ್ತದಾ? ನೀವೆಲ್ಲ ಹೇಗೆ ನಿರ್ಧಾರ ಮಾಡಿದಿರಿ?

ತಲೆಹರಟೆ
ಯಜಮಾನರ ಚಷ್ಮಾ ನಂಬರ್ ಸ್ವಲ್ಪ ಕಡಿಮೆ ಮಾಡಿಸಿ ಮೇಡಂ. ಖರ್ಚೂ ಕಮ್ಮಿ, ಹೊಲಿಗೆಯೂ ಇಲ್ಲ.

ನೇರಮಾತು
ಕೋಪ ಮಾಡಿಕೊಳ್ಳಬೇಡಿ, ಇದ್ದದ್ದು ಹೇಳುತ್ತೇನೆ. ವಯಸ್ಸಾದ ಮೇಲೆ ಚರ್ಮ ಇಳಿಯುತ್ತದೆ. ಅದಕ್ಕೆ ಕಣ್ಣಿನ ಹತ್ತಿರ ಕತ್ತಿ ಆಡಿಸಬೇಕಾ? ಕಣ್ಣು ಚೆನ್ನಾಗಿ ಕಾಣುತ್ತಿದೆ ಅಲ್ವಾ? ಆಫೀಸಿನವರು ಏನೋ ಅಂದರು ಅಂತ ಆಪರೇಷನ್ ಮಾಡಿಸಿಕೊಂಡರೆ, ನಾಳೆ ಮೂಗಿನ ಬಗ್ಗೆ ಅನ್ನುತ್ತಾರೆ.

ಕಪ್ಪುಕನ್ನಡಕ
ನೇರಮಾತು ಅವರೇ, ಎಲ್ಲರದ್ದೂ ಬರೀ ಅಂದದ ವಿಷಯ ಅಲ್ಲ. ನಾನು ಮೇಲಿನ ರೆಪ್ಪೆ ಮಾಡಿಸಿ ಎರಡು ವರ್ಷದ ಮೇಲಾಯಿತು. ಅದಕ್ಕೆ ಮುಂಚೆ ದಿನಾ ಸಂಜೆ ಹಣೆ ನೋಯುತ್ತಿತ್ತು. ಟೆನ್ಷನ್ ಅಂದುಕೊಂಡು ಮಾತ್ರೆ ನುಂಗುತ್ತಿದ್ದೆ. ಆಮೇಲೆ ಗೊತ್ತಾಯಿತು, ರೆಪ್ಪೆ ಎತ್ತಲಿಕ್ಕೆ ನಾನು ಇಡೀ ದಿನ ಹುಬ್ಬು ಏರಿಸಿಕೊಂಡೇ ಇರುತ್ತಿದ್ದೆ. ಹಳೇ ಫೋಟೋಗಳಲ್ಲಿ ನೋಡಿ, ಎಲ್ಲದರಲ್ಲೂ ಆಶ್ಚರ್ಯಪಟ್ಟ ಮುಖ!

ಮಂಜು ಅಕ್ಕ, ಕಣ್ಣಿನ ಪರೀಕ್ಷೆ ಮಾಡದೆ ಡೇಟ್ ಕೊಟ್ಟ ಜಾಗಕ್ಕೆ ಮತ್ತೆ ಹೋಗಬೇಡಿ. ಅಷ್ಟೇ ನನ್ನ ಮೊದಲ ಮಾತು.

ಲೆನ್ಸ್‌ಅಣ್ಣ
ನಾನು ಆಪ್ಟೋಮೆಟ್ರಿಸ್ಟ್, ಅಂದರೆ ಕಣ್ಣು ಪರೀಕ್ಷಿಸಿ ಚಷ್ಮಾ, ಲೆನ್ಸ್ ಕೊಡುವವನು, ಸರ್ಜನ್ ಅಲ್ಲ. ಆದರೆ ಇಂಥವರ ಕಣ್ಣು ದಿನಾ ನೋಡುತ್ತೇನೆ.

"ರೆಪ್ಪೆ ಇಳಿದಿದೆ" ಅಂತ ಎಲ್ಲರೂ ಒಂದೇ ಮಾತು ಹೇಳುತ್ತಾರೆ. ಒಳಗೆ ನೋಡಿದರೆ ಮೂರು ಬೇರೆ ಬೇರೆ ವಿಷಯ ಇರಬಹುದು. ಚರ್ಮ ಜಾಸ್ತಿಯಾಗಿ ಜೋತಿರಬಹುದು. ಅದಕ್ಕೆ ಮಾಡುವುದೇ ಬ್ಲೆಫರೋಪ್ಲಾಸ್ಟಿ. ಇಲ್ಲವೇ ರೆಪ್ಪೆ ಎತ್ತುವ ಸ್ನಾಯು ಸಡಿಲವಾಗಿ ರೆಪ್ಪೆಯ ಅಂಚೇ ಕೆಳಗೆ ಬಂದಿರಬಹುದು. ಇದನ್ನು ಟೋಸಿಸ್ ಅನ್ನುತ್ತಾರೆ, ಇದರ ಆಪರೇಷನ್ನೇ ಬೇರೆ. ಮೂರನೆಯದು, ಹುಬ್ಬು ಕೆಳಗಿಳಿದು ಚರ್ಮವನ್ನು ರೆಪ್ಪೆ ಮೇಲೆ ತಳ್ಳುತ್ತಿರಬಹುದು. ಎಷ್ಟೋ ಜನರಿಗೆ ಮೂರೂ ಸ್ವಲ್ಪ ಸ್ವಲ್ಪ ಇರುತ್ತದೆ.

ಕನ್ನಡಿ ಮುಂದೆ ನಿಂತು, ಹಣೆ ಸಡಿಲ ಬಿಟ್ಟು, ನೇರ ನೋಡಿ. ಚರ್ಮದ ಮಡಿಕೆಯನ್ನು ಮೆಲ್ಲಗೆ ಎತ್ತಿ ಹಿಡಿದರೆ ಕೆಳಗೆ ರೆಪ್ಪೆಯ ನಿಜವಾದ ಅಂಚು ಕಾಣುತ್ತದೆ. ಕಣ್ಣಿಗೆ ಟಾರ್ಚ್ ಬಿಟ್ಟಾಗ ಪಾಪೆಯ ನಡುವೆ ಒಂದು ಬೆಳಕಿನ ಚುಕ್ಕಿ ಬೀಳುತ್ತದಲ್ಲ, ಅಲ್ಲಿಂದ ಮೇಲಿನ ರೆಪ್ಪೆಯ ಅಂಚಿಗೆ ಸಾಮಾನ್ಯವಾಗಿ 4ರಿಂದ 5 ಮಿಲಿಮೀಟರ್ ಇರಬೇಕು. ಅದು 2ಕ್ಕೋ 1ಕ್ಕೋ ಇಳಿದಿದ್ದರೆ ಚರ್ಮ ಎಷ್ಟು ಕತ್ತರಿಸಿದರೂ ಕಣ್ಣು ಅರೆಮುಚ್ಚಿಯೇ ಇರುತ್ತದೆ. ನಿಮಗೆ ಇದನ್ನು ಅಳೆದೇ ಇಲ್ಲ. ಅಳೆಯದೆ "ಎರಡೂ ಮಾಡಿಬಿಡೋಣ" ಅಂದರೆ ಏನರ್ಥ?

ಲೆನ್ಸ್ ಎಷ್ಟು ವರ್ಷದಿಂದ ಹಾಕುತ್ತಿದ್ದೀರಿ? ಗಟ್ಟಿ ಲೆನ್ಸಾ, ಮೆತ್ತನೆಯದಾ?

ಮಬ್ಬುಮಂಜು
ಲೆನ್ಸ್‌ಅಣ್ಣ, ಕಾಲೇಜಿನಿಂದ. ತುಂಬಾ ವರ್ಷ ಗಟ್ಟಿ ಲೆನ್ಸೇ ಇತ್ತು. ಆಮೇಲೆ ಮೆತ್ತನೆಯದಕ್ಕೆ ಬದಲಾಯಿಸಿದೆ.

ಲೆನ್ಸ್‌ಅಣ್ಣ
ಹಾಗಾದರೆ ಟೋಸಿಸ್ ಇದೆಯಾ ಅಂತ ನೋಡಿಸಲೇಬೇಕು. ವರ್ಷಗಟ್ಟಲೆ ಗಟ್ಟಿ ಲೆನ್ಸ್ ಹಾಕಿ, ತೆಗೆಯುವಾಗ ರೆಪ್ಪೆ ಎಳೆದೂ ಎಳೆದೂ ಸ್ನಾಯುವಿನ ತುದಿ ಸಡಿಲವಾಗುವುದು ಗೊತ್ತಿರುವ ವಿಷಯ. ಸಂಜೆ ಉರಿ ಅಂದಿರಲ್ಲ, ಅದು ಕಣ್ಣು ಒಣಗುವುದರ ಲಕ್ಷಣ ಇರಬಹುದು. ಅದನ್ನೂ ಮೊದಲು ನೋಡಿಸಿ.

ಗೂಬೆಕಣ್ಣು
ಒಣಗುವುದಕ್ಕೂ ರೆಪ್ಪೆ ಚರ್ಮ ತೆಗೆಯುವುದಕ್ಕೂ ಏನು ಸಂಬಂಧ ಸಾರ್? ಸುಮ್ನೆ ಹೆದರಿಸಬೇಡಿ.

ಓಟಿಸಿಸ್ಟರ್
ಸಂಬಂಧ ಇದೆ. ರೆಪ್ಪೆ ಒಂದೊಂದು ಸಲ ಮುಚ್ಚಿದಾಗಲೂ ಕಣ್ಣೀರನ್ನು ಕಣ್ಣಿನ ಮೇಲೆಲ್ಲ ಸವರುತ್ತದೆ. ಚರ್ಮ ತೆಗೆದ ಮೇಲೆ ಕೆಲವು ದಿನ, ಕೆಲವರಿಗೆ ಕೆಲವು ವಾರ, ಕಣ್ಣು ಪೂರ್ತಿ ಮುಚ್ಚುವುದಿಲ್ಲ. ಮಲಗಿದಾಗ ಒಂದು ಸಣ್ಣ ಸಂದು ಉಳಿಯುತ್ತದೆ. ಮೊದಲೇ ಒಣ ಕಣ್ಣು ಇದ್ದವರಿಗೆ ಆ ಸಂದಿನಲ್ಲೇ ಕಷ್ಟ ಶುರು. ಮರಳು ಹೊಕ್ಕಂತೆ ಚುಚ್ಚುತ್ತದೆ, ಕಣ್ಣಿನ ಮುಂದಿನ ಪಾರದರ್ಶಕ ಪದರಕ್ಕೆ (ಕಾರ್ನಿಯಾ) ಗೀರು ಬೀಳಬಹುದು. ಚರ್ಮ ಜಾಸ್ತಿ ತೆಗೆದುಬಿಟ್ಟರೆ ಆ ಸಂದು ಖಾಯಂ ಆಗುತ್ತದೆ. ಅದಕ್ಕೇ ಒಳ್ಳೆ ಸರ್ಜನ್‌ಗಳು ಹುಬ್ಬಿನ ಕೆಳ ಅಂಚಿನಿಂದ ರೆಪ್ಪೆಗೂದಲವರೆಗೆ ಸುಮಾರು 20 ಮಿಲಿಮೀಟರ್ ಚರ್ಮವಾದರೂ ಉಳಿಸುತ್ತಾರೆ. ಬಿಟ್ಟ ಚರ್ಮವನ್ನು ಆಮೇಲೆ ತೆಗೆಯಬಹುದು. ತೆಗೆದದ್ದನ್ನು ವಾಪಸ್ ಇಡಬೇಕಾದರೆ ಬೇರೆ ಕಡೆಯಿಂದ ಚರ್ಮ ತಂದು ಕಸಿ ಮಾಡಬೇಕು.

ಶಿರ್ಮರ್ ಟೆಸ್ಟ್ ಅಂತ ಒಂದಿದೆ. ಸಣ್ಣ ಕಾಗದದ ಪಟ್ಟಿಯ ತುದಿ ಮಡಚಿ ಕೆಳ ರೆಪ್ಪೆಯೊಳಗೆ ಸಿಕ್ಕಿಸುತ್ತಾರೆ. 5 ನಿಮಿಷ ಬಿಟ್ಟು ಎಷ್ಟು ಒದ್ದೆಯಾಗಿದೆ ಅಂತ ನೋಡುತ್ತಾರೆ. 5 ಮಿಲಿಮೀಟರಿಗಿಂತ ಕಡಿಮೆ ಒದ್ದೆಯಾದರೆ ಕಣ್ಣೀರು ತುಂಬ ಕಡಿಮೆ ಅಂತ ಲೆಕ್ಕ. ಕಿರಿಕಿರಿ ಆಗುತ್ತದೆ, ನೋವಿಲ್ಲ.

ಗೂಬೆಕಣ್ಣು
ಸರಿ ಸಿಸ್ಟರ್, ಒಪ್ಪಿದೆ. ನನಗೆ ಲೇಸಿಕ್, ಅದೇ ಚಷ್ಮಾ ಬಿಡಿಸುವ ಲೇಸರ್ ಆಪರೇಷನ್, ಆಗಿ ಸ್ವಲ್ಪ ದಿನ ಆಗಿದೆ, ಅದಕ್ಕೇ ಕೇಳಿದ್ದು.

ಓಟಿಸಿಸ್ಟರ್
ಹಾಗಾದರೆ ನೀವು ಈಗಲೇ ರೆಪ್ಪೆಯ ಸುದ್ದಿಗೆ ಹೋಗಬೇಡಿ. ಲೇಸಿಕ್ ಆದ ಮೇಲೆ ಕಣ್ಣು ಒಣಗುವುದು ಮಾಮೂಲು. ಕನಿಷ್ಠ 6 ತಿಂಗಳು ಬಿಡಿ ಅಂತ ಹೆಚ್ಚಿನ ಡಾಕ್ಟರುಗಳು ಹೇಳುತ್ತಾರೆ.

ಸಂಜೆಗತ್ತಲು
ನಾನು ಬೇಡ ಅಂತ ಬಿಟ್ಟವಳು. ಕಾರಣ ಥೈರಾಯ್ಡ್. ಕಣ್ಣು ಸ್ವಲ್ಪ ಮುಂದಕ್ಕೆ ಬಂದ ಹಾಗಿತ್ತು, ರೆಪ್ಪೆ ಊದಿರುತ್ತಿತ್ತು. ನನಗೆ ಅದು ವಯಸ್ಸಿನ ಚೀಲ ಅನಿಸಿತ್ತು. ಕಣ್ಣಿನ ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿ, ಥೈರಾಯ್ಡ್‌ನಿಂದ ಬಂದ ಕಣ್ಣಿನ ತೊಂದರೆ ಇದು, ಇದು ತಣ್ಣಗಾಗಿ ಆರು ತಿಂಗಳಾದರೂ ಒಂದೇ ತೆರನಾಗಿ ಇರುವವರೆಗೆ ಯಾರೂ ರೆಪ್ಪೆ ಮುಟ್ಟಬಾರದು ಅಂದರು. ಮಾತ್ರೆ ಸರಿಹೋದ ಮೇಲೆ ಊತ ಎಷ್ಟೋ ಇಳಿಯಿತು. ಈಗ ಆಪರೇಷನ್ ಬೇಕು ಅಂತಲೇ ಅನಿಸುತ್ತಿಲ್ಲ.

ನೇರಮಾತು
ನೋಡಿದಿರಾ? ಕಾದರೆ ತಾನಾಗೇ ಹೋಗುತ್ತದೆ.

ಸಂಜೆಗತ್ತಲು
ಅಯ್ಯೋ, ತಾನಾಗೇ ಹೋಗಲಿಲ್ಲ ರೀ. ಕಾಯಿಲೆಗೆ ಚಿಕಿತ್ಸೆ ಮಾಡಿದ್ದಕ್ಕೆ ಹೋಯಿತು. ಜೋತುಬಿದ್ದ ಚರ್ಮ ಕಾದರೆ ಇನ್ನೂ ಜೋತುಬೀಳುತ್ತದೆ ಅಷ್ಟೇ.

ಲೆನ್ಸ್‌ಅಣ್ಣ
ಇದಕ್ಕೆ ಇನ್ನೊಂದು ಸೇರಿಸುತ್ತೇನೆ, ಎಲ್ಲರೂ ಗಮನಿಸಿ. ರೆಪ್ಪೆ ನಿಧಾನವಾಗಿ ವರ್ಷಗಟ್ಟಲೆ ಇಳಿದರೆ ಅದು ವಯಸ್ಸು. ಒಂದೇ ಕಣ್ಣಿನ ರೆಪ್ಪೆ ಇದ್ದಕ್ಕಿದ್ದ ಹಾಗೆ ಬಿದ್ದು, ಜೊತೆಗೆ ತಲೆನೋವು, ಎರಡೆರಡು ಕಾಣುವುದು, ಪಾಪೆ ಒಂದು ದೊಡ್ಡದು ಒಂದು ಚಿಕ್ಕದು ಆದರೆ ಕಾಸ್ಮೆಟಿಕ್ ಕ್ಲಿನಿಕ್ ಅಲ್ಲ, ನೇರ ಎಮರ್ಜೆನ್ಸಿಗೆ ಹೋಗಬೇಕು. ನರದ ತೊಂದರೆ ಇರಬಹುದು. ಬೆಳಗ್ಗೆ ಸರಿ ಇದ್ದು ಸಂಜೆ ಆಗುತ್ತಾ ಆಗುತ್ತಾ ರೆಪ್ಪೆ ಬೀಳುತ್ತಿದ್ದರೆ ಮಯಸ್ತೇನಿಯಾ ಅಂತ ಸ್ನಾಯು ಸೋಲುವ ಕಾಯಿಲೆ ಇದೆಯಾ ನೋಡಿಸಬೇಕು. ಅವರಿಗೆ ಮುಚ್ಚಿದ ರೆಪ್ಪೆ ಮೇಲೆ 2 ನಿಮಿಷ ಐಸ್ ಇಟ್ಟರೆ ರೆಪ್ಪೆ ಮೇಲೇರುತ್ತದೆ. ಅದನ್ನೇ ಪರೀಕ್ಷೆಯಾಗಿ ಮಾಡುತ್ತಾರೆ.

ತಲೆಹರಟೆ
ನನಗೆ ಮೀಟಿಂಗ್ ಶುರುವಾದ ತಕ್ಷಣ ಎರಡೂ ರೆಪ್ಪೆ ಬೀಳುತ್ತದೆ. ಐಸ್ ಇಟ್ಟರೂ ಏಳಲ್ಲ. ಇದಕ್ಕೇನು ಹೆಸರು?

ಲೆನ್ಸ್‌ಅಣ್ಣ
ಸಂಬಳ.

ಪುಟಾಣಿಸೂಜಿ
ಚಾಕು ಬೇಡ ಅನ್ನುವವರಿಗೆ ಬೇರೆ ದಾರಿ ಇಲ್ವಾ? ರೆಪ್ಪೆ ಎತ್ತುವ ಕ್ರೀಮ್, ಟೇಪ್, ಡ್ರಾಪ್ಸ್ ಅಂತ ಏನೇನೋ ಜಾಹೀರಾತು ಬರುತ್ತವೆ. ಬೊಟಾಕ್ಸ್ ಹಾಕಿದರೆ ಹುಬ್ಬು ಏರುತ್ತದಂತೆ.

ಕಪ್ಪುಕನ್ನಡಕ
ಕ್ರೀಮ್‌ನಿಂದ ಚರ್ಮ ನುಣುಪಾಗಬಹುದು, ಮಡಿಕೆ ಮಾಯ ಆಗಲ್ಲ. ಟೇಪ್ ನಾನೂ ಅಂಟಿಸಿ ನೋಡಿದ್ದೆ. ಬೆವರಿಗೆ ಬಿಚ್ಚಿಕೊಂಡು ಒಂದು ಕಣ್ಣು ಮೇಲೆ, ಒಂದು ಕೆಳಗೆ. ಬೊಟಾಕ್ಸ್ ಹುಬ್ಬನ್ನು ಒಂಚೂರು ಎತ್ತುತ್ತದೆ, ನಿಜ. 3-4 ತಿಂಗಳಷ್ಟೇ. ತಪ್ಪು ಜಾಗಕ್ಕೆ ಇಳಿದರೆ ರೆಪ್ಪೆಯೇ ಬಿದ್ದುಹೋಗುವುದೂ ಉಂಟು, ಕೆಲವು ವಾರ ಹಾಗೇ ಇರುತ್ತದೆ.

ಲೆನ್ಸ್‌ಅಣ್ಣ
ಡ್ರಾಪ್ಸ್ ವಿಷಯ ಪೂರ್ತಿ ಸುಳ್ಳಲ್ಲ. ಆಕ್ಸಿಮೆಟಾಜೊಲಿನ್ 0.1% ಅಂತ ಒಂದು ಡ್ರಾಪ್ಸ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಒಪ್ಪಿಗೆ ಕೊಟ್ಟಿದೆ. ರೆಪ್ಪೆಯೊಳಗಿನ ಮುಲ್ಲರ್ ಅನ್ನುವ ಸಣ್ಣ ಸ್ನಾಯುವನ್ನು ಬಿಗಿ ಮಾಡುತ್ತದೆ. ಟೋಸಿಸ್ ಇದ್ದವರಿಗೆ ಕೆಲವು ಗಂಟೆ ಕಾಲ ರೆಪ್ಪೆ ಸ್ವಲ್ಪ ಏರುತ್ತದೆ. ಜೋತಿರುವ ಚರ್ಮಕ್ಕೆ ಅದರಿಂದ ಏನೂ ಆಗಲ್ಲ. ಮತ್ತೆ, ಅದೇ ಹೆಸರಿನ ಮೂಗಿನ ಡ್ರಾಪ್ಸ್ ತಂದು ಕಣ್ಣಿಗೆ ಬಿಡಬೇಡಿ ದಯವಿಟ್ಟು! ಇದನ್ನು ಹೇಳಬೇಕಾ ಅನಿಸಬಹುದು. ಹೇಳಬೇಕು.

ಬೆಳ್ಳಿಕೂದಲು
ಕೆಳಗಿನ ಚೀಲದ ಬಗ್ಗೆ ಯಾರೂ ಮಾತಾಡುತ್ತಿಲ್ಲ. ನಾನು ಕೆಳಗಿನದ್ದು ಮಾಡಿಸಿದ್ದೇನೆ. ಹೇಳುತ್ತೇನೆ ಕೇಳಿ.

ಮೇಲಿನದ್ದು ಸುಲಭ, ಕೆಳಗಿನದ್ದು ನಾಜೂಕು. ಕೆಳಗೆ ಕೊಬ್ಬಿನ ಮೂರು ಗುಡ್ಡೆ ಇರುತ್ತವೆ, ಅದನ್ನು ತಡೆದಿರುವ ಪರದೆ ಸಡಿಲವಾದಾಗ ಮುಂದೆ ಉಬ್ಬುತ್ತವೆ. ಅದೇ ಚೀಲ. ನನಗೆ ರೆಪ್ಪೆಯ ಒಳಗಿನ ಕೆಂಪು ಪೊರೆಯ ಕಡೆಯಿಂದ ಮಾಡಿದರು, ಹೊರಗೆ ಗಾಯವೇ ಕಾಣುವುದಿಲ್ಲ. ಕೊಬ್ಬನ್ನೆಲ್ಲ ತೆಗೆಯಲಿಲ್ಲ. ಸ್ವಲ್ಪವನ್ನು ಕೆಳಗಿನ ಹಳ್ಳಕ್ಕೆ ಸರಿಸಿ ಕೂರಿಸಿದರು. ಪೂರ್ತಿ ತೆಗೆದರೆ ಆಮೇಲೆ ಕಣ್ಣು ಗುಳಿಬಿದ್ದು ಇನ್ನೂ ವಯಸ್ಸಾದ ಹಾಗೆ ಕಾಣುತ್ತದಂತೆ.

ಮಾಡುವ ಮುಂಚೆ ಡಾಕ್ಟರ್ ನನ್ನ ಕೆಳರೆಪ್ಪೆಯನ್ನು ಬೆರಳಲ್ಲಿ ಕೆಳಗೆಳೆದು ಬಿಟ್ಟರು, "ಕಣ್ಣು ಮಿಟುಕಿಸಬೇಡಿ" ಅಂದರು. ತಟ್ಟನೆ ವಾಪಸ್ ಹೋಗಿ ಕೂತರೆ ರೆಪ್ಪೆಗೆ ಬಿಗಿ ಇದೆ ಅಂತ. ನಿಧಾನ ಹೋದರೆ ಸಡಿಲ. ಸಡಿಲ ಇದ್ದವರಿಗೆ ಹಾಗೇ ಚರ್ಮ ತೆಗೆದರೆ ರೆಪ್ಪೆ ಕೆಳಗೆ ಜಗ್ಗಿ ಕಣ್ಣಿನ ಬಿಳಿ ಕಾಣತೊಡಗುತ್ತದೆ. ಅಂಥವರಿಗೆ ಹೊರಮೂಲೆಯನ್ನು ಬಿಗಿ ಮಾಡಿ ಹೊಲಿಗೆ ಹಾಕಬೇಕಾಗುತ್ತದೆ.

ಇನ್ನೊಂದು ನಿಜ: ನನ್ನ ಕಪ್ಪು ವರ್ತುಲ ಹೋಗಲಿಲ್ಲ. ಚೀಲದ ನೆರಳು ಹೋಯಿತು, ಚರ್ಮದ ಬಣ್ಣ ಹಾಗೇ ಇದೆ. ಡಾಕ್ಟರ್ ಮೊದಲೇ ಹೇಳಿದ್ದರು, ಆದರೂ ಒಂದು ಆಸೆ ಇತ್ತು.

ಪುಸ್ತಕಹುಳು
ಒಳಗಿನಿಂದ ಮಾಡುವ ಈ ವಿಧಾನ ಹೊಸದು ಅಂತ ಕ್ಲಿನಿಕ್‌ಗಳು ಜಾಹೀರಾತು ಹಾಕುತ್ತವೆ. ಫ್ರಾನ್ಸ್‌ನ ಬೂರ್ಗೆ ಅನ್ನುವ ಸರ್ಜನ್ 1924ರಲ್ಲೇ ಇದನ್ನು ಬರೆದಿದ್ದರು. ನೂರು ವರ್ಷ ಹಳೇದು. ರೆಪ್ಪೆಯಲ್ಲಿ ಕೊಬ್ಬಿನ ಗುಡ್ಡೆಗಳು ಹೇಗಿವೆ ಅಂತ ಕಸ್ತನ್ಯಾರೆಸ್ 1951ರಲ್ಲಿ ವಿವರವಾಗಿ ತೋರಿಸಿದರು. ಆ ಕಾಲದಲ್ಲಿ ಕೊಬ್ಬು ಕಂಡರೆ ತೆಗೆಯುವುದೇ ಪದ್ಧತಿ. ಉಳಿಸುವ ಬುದ್ಧಿ ಆಮೇಲೆ ಬಂದದ್ದು.

ಗೂಬೆಕಣ್ಣು
ಪುಸ್ತಕಹುಳು ಬಂದರು, ಇನ್ನು ಚರ್ಚೆ ಎಲ್ಲಿಗೆ ಹೋಗುತ್ತದೋ.

ಪುಟಾಣಿಸೂಜಿ
ಕೆಳಗಿನ ಹಳ್ಳಕ್ಕೆ ಫಿಲ್ಲರ್, ಅಂದರೆ ಹಳ್ಳ ತುಂಬುವ ಇಂಜೆಕ್ಷನ್, ಹಾಕಿದರೆ ಸಾಕಲ್ವಾ? ನನ್ನ ಫ್ರೆಂಡ್ ಹಾಕಿಸಿದ್ದಾಳೆ, ಅರ್ಧ ಗಂಟೆಯ ಕೆಲಸ.

ಬೆಳ್ಳಿಕೂದಲು
ಚೀಲ ಚಿಕ್ಕದಿದ್ದು ಹಳ್ಳ ಮಾತ್ರ ಇದ್ದರೆ ಸರಿ. ಚೀಲ ದೊಡ್ಡದಿದ್ದಾಗ ಫಿಲ್ಲರ್ ಹಾಕಿದರೆ ಗುಡ್ಡದ ಪಕ್ಕ ಇನ್ನೊಂದು ಗುಡ್ಡ. ಆ ಜಾಗದಲ್ಲಿ ಅದು ನೀರು ಹಿಡಿದು ಊದಿಕೊಳ್ಳುವುದೂ ಉಂಟು. ಹಯಲುರಾನಿಕ್ ಆಸಿಡ್ ಫಿಲ್ಲರ್ ಆದರೆ ಇಂಜೆಕ್ಷನ್ ಕೊಟ್ಟು ಕರಗಿಸಬಹುದು. ನಿಮ್ಮ ಫ್ರೆಂಡ್ ಮುಂದೆ ಯಾವತ್ತಾದರೂ ಆಪರೇಷನ್ ಯೋಚಿಸಿದರೆ ಫಿಲ್ಲರ್ ಇದೆ ಅಂತ ಸರ್ಜನ್‌ಗೆ ಹೇಳಲೇಬೇಕು.

ನೇರಮಾತು
ಎಲ್ಲರೂ ಇಷ್ಟು ಆರಾಮಾಗಿ ಮಾತಾಡುತ್ತಿದ್ದೀರಲ್ಲ, ಕಣ್ಣೇ ಹೋದವರ ಕತೆ ಯಾಕೆ ಹೇಳುತ್ತಿಲ್ಲ?

ಓಟಿಸಿಸ್ಟರ್
ಕೇಳಿದ್ದು ಒಳ್ಳೆಯದಾಯಿತು. ಹೇಳದೆ ಇರುವುದು ತಪ್ಪು.

ಆಪರೇಷನ್ ಆದ ಮೇಲೆ ಕಣ್ಣುಗುಡ್ಡೆಯ ಹಿಂದೆ ರಕ್ತ ತುಂಬಿಕೊಂಡು ನರವನ್ನು ಒತ್ತುವುದು, ಇದೇ ನಿಜವಾದ ಭಯ. ಇದು ಸುಮಾರು 2,000ದಲ್ಲಿ ಒಬ್ಬರಿಗೆ ಆಗುತ್ತದೆ. ದೃಷ್ಟಿ ಪೂರ್ತಿ ಹೋಗುವುದು ಅದಕ್ಕಿಂತ ತುಂಬಾ ಅಪರೂಪ, ಹತ್ತು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ. ಹೆಚ್ಚಾಗಿ ಮೊದಲ 24 ಗಂಟೆಯೊಳಗೆ ಆಗುತ್ತದೆ. ಲಕ್ಷಣ ನೆನಪಿಡಿ: ಒಂದೇ ಕಣ್ಣಲ್ಲಿ ತಡೆಯಲಾರದ ನೋವು, ಕಣ್ಣು ಮುಂದೆ ಉಬ್ಬಿ ಗಟ್ಟಿಯಾಗುವುದು, ದೃಷ್ಟಿ ಮಸುಕಾಗುವುದು. ಆಗ ಬೆಳಗ್ಗೆ ನೋಡೋಣ ಅನ್ನುವ ಹಾಗಿಲ್ಲ, ಗಂಟೆ ಎರಡು ಗಂಟೆಯೊಳಗೆ ಹೊರಮೂಲೆ ಕೊಯ್ದು ಒತ್ತಡ ಇಳಿಸಬೇಕು. ಅದಕ್ಕೇ ಕೇಳಬೇಕಾದ ಪ್ರಶ್ನೆ: "ರಾತ್ರಿ ಎರಡಕ್ಕೆ ಫೋನ್ ಮಾಡಿದರೆ ಯಾರು ಎತ್ತುತ್ತಾರೆ? ಎಲ್ಲಿಗೆ ಬರಬೇಕು?" ಇದಕ್ಕೆ ನೇರ ಉತ್ತರ ಕೊಡದ ಜಾಗದಲ್ಲಿ ಮಾಡಿಸಬೇಡಿ.

ಬಿಪಿ ಮುಖ್ಯ ಅನ್ನುವುದು ಇದಕ್ಕೇ. ಬಿಪಿ ಏರಿದರೆ ರಕ್ತ ನಿಲ್ಲುವುದಿಲ್ಲ. ಮಂಜು ಮೇಡಂ, ಆಪರೇಷನ್ ದಿನ ಬೆಳಗ್ಗೆ ಬಿಪಿ ಮಾತ್ರೆ ತಗೊಳ್ಳಬೇಕಾ ಅಂತ ಅನಸ್ತೇಶಿಯಾ ಡಾಕ್ಟರನ್ನೇ ಕೇಳಿ. ಸಾಮಾನ್ಯವಾಗಿ ಒಂದು ಗುಟುಕು ನೀರಲ್ಲಿ ತಗೊಳ್ಳಿ ಅನ್ನುತ್ತಾರೆ, ಆದರೆ ಮಾತ್ರೆಯಿಂದ ಮಾತ್ರೆಗೆ ಬೇರೆ.

ಗೂಬೆಕಣ್ಣು
ರಕ್ತ ತೆಳು ಮಾಡುವ ಮಾತ್ರೆ ಒಂದು ವಾರ ಮುಂಚೆ ಬಿಟ್ಟುಬಿಡಬೇಕು ಅಲ್ವಾ? ಆಸ್ಪಿರಿನ್ ಎಲ್ಲ.

ಓಟಿಸಿಸ್ಟರ್
"ಬಿಟ್ಟುಬಿಡಬೇಕು" ಅಂತ ಇಲ್ಲಿ ಓದಿ ಯಾರೂ ಬಿಡಬೇಡಿ! ಹಾರ್ಟಿಗೆ ಸ್ಟೆಂಟ್ ಹಾಕಿದವರು, ಪಾರ್ಶ್ವವಾಯು ಆದವರು ಇದನ್ನು ತಾವಾಗೇ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು. ಬರೆದುಕೊಟ್ಟ ಡಾಕ್ಟರ್ ಮತ್ತು ಸರ್ಜನ್ ಇಬ್ಬರೂ ಮಾತಾಡಿ ನಿರ್ಧರಿಸಬೇಕು. ಬರೀ ಅಂದಕ್ಕೆ ಮಾಡಿಸುವ ಆಪರೇಷನ್, ಮುಂದೂಡಿದರೆ ಯಾರ ಗಂಟೂ ಹೋಗಲ್ಲ.

ನೋವಿಗೆ ಅಂತ ಸುಮ್ನೆ ನುಂಗುವ ಆಸ್ಪಿರಿನ್, ಐಬುಪ್ರೊಫೆನ್ ವಿಷಯ ಬೇರೆ. ಆಸ್ಪಿರಿನ್ನಿನ ಪ್ರಭಾವ 7ರಿಂದ 10 ದಿನ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಮೇಲೆ ಇರುತ್ತದೆ. ಜನ ಹೇಳಲಿಕ್ಕೆ ಮರೆಯುವುದು ಮೀನೆಣ್ಣೆ ಕ್ಯಾಪ್ಸೂಲ್, ವಿಟಮಿನ್ ಇ, ಗಿಂಕೊ, ಬೆಳ್ಳುಳ್ಳಿ ಮಾತ್ರೆ. "ಅದು ಔಷಧಿ ಅಲ್ಲವಲ್ಲ ಸಿಸ್ಟರ್" ಅನ್ನುತ್ತಾರೆ ಟೇಬಲ್ ಮೇಲೆ ಮಲಗಿದ ಮೇಲೆ. ಮನೆಯಲ್ಲಿರುವ ಎಲ್ಲ ಡಬ್ಬಿಗಳ ಫೋಟೋ ತೆಗೆದುಕೊಂಡು ಹೋಗಿ ತೋರಿಸಿ.

ಸಂಜೆಗತ್ತಲು
ಗ್ಲಾಕೋಮಾಕ್ಕೆ (ಕಣ್ಣಿನ ಒತ್ತಡದ ಕಾಯಿಲೆ) ಡ್ರಾಪ್ಸ್ ಹಾಕುವವರು ಅದನ್ನೂ ಹೇಳಿ. ನಮ್ಮ ಅತ್ತೆಗೆ ಒಂದೇ ಕಣ್ಣಿಗೆ ಹಾಕುತ್ತಿದ್ದರು. ಆ ಕಣ್ಣು ಮಾತ್ರ ಒಳಗೆ ಹೋದ ಹಾಗೆ ಕಾಣುತ್ತಿತ್ತು. ಡ್ರಾಪ್ಸ್‌ನಿಂದ ಕಣ್ಣಿನ ಸುತ್ತಲಿನ ಕೊಬ್ಬು ಕರಗಿತ್ತಂತೆ. ಎರಡೂ ಕಣ್ಣು ಸಮ ಮಾಡಿಸಬೇಕು ಅಂತ ಓಡಾಡಿದ್ದೇ ಓಡಾಡಿದ್ದು.

ಮಬ್ಬುಮಂಜು
ಎಲ್ಲರಿಗೂ ಥ್ಯಾಂಕ್ಸ್. ತಡವಾಗಿ ಬರೆಯುತ್ತಿದ್ದೇನೆ. ಈ ಸಲ ಕಣ್ಣಿನ ಡಾಕ್ಟರೇ ಆಗಿದ್ದು ರೆಪ್ಪೆ ಆಪರೇಷನ್‌ನಲ್ಲಿ ತರಬೇತಿ ಪಡೆದವರ ಹತ್ತಿರ ಹೋದೆ. ಆಕ್ಯುಲೋಪ್ಲಾಸ್ಟಿ ಅಂತ ಬೋರ್ಡ್ ಇತ್ತು.

ಲೆನ್ಸ್‌ಅಣ್ಣ ಹೇಳಿದ ಹಾಗೇ ಆಯಿತು. ಎಡಗಡೆ ಸ್ವಲ್ಪ ಟೋಸಿಸ್ ಇದೆ, ಅಳತೆ 2.5. ಬಲಗಡೆ 4. ಆಮೇಲೆ ಒಂದು ತಮಾಷೆ ತೋರಿಸಿದರು. ಎಡರೆಪ್ಪೆಯನ್ನು ಬೆರಳಲ್ಲಿ ಎತ್ತಿ ಹಿಡಿದರೆ ಬಲರೆಪ್ಪೆ ಮೆಲ್ಲಗೆ ಕೆಳಗಿಳಿಯಿತು! ಎರಡೂ ರೆಪ್ಪೆಗೆ ಮಿದುಳು ಒಂದೇ ಅಳತೆಯ ಸೂಚನೆ ಕಳಿಸುತ್ತದಂತೆ. ಎಡಗಡೆಗೆ ಅಂತ ಜಾಸ್ತಿ ಶಕ್ತಿ ಹಾಕುತ್ತಿದ್ದದ್ದರಿಂದ ಬಲಗಡೆಯೂ ಎದ್ದು ನಿಂತಿತ್ತಂತೆ. ಒಂದನ್ನು ಮಾತ್ರ ಸರಿ ಮಾಡಿದ್ದರೆ ಇನ್ನೊಂದು ಬೀಳುತ್ತಿತ್ತು ಅಂದರು.

ಕಾಗದದ ಪಟ್ಟಿ ಪರೀಕ್ಷೆಯಲ್ಲಿ ಕಣ್ಣೀರು ಕಡಿಮೆ ಬಂತು. ಈಗ ಡ್ರಾಪ್ಸ್, ರೆಪ್ಪೆಗೆ ಬಿಸಿ ಶಾಖ, ಲೆನ್ಸ್ ಬಂದ್. ಎರಡು ತಿಂಗಳು ಬಿಟ್ಟು ಮತ್ತೆ ನೋಡಿ ಆಮೇಲೆ ಡೇಟ್. ಕೆಳಗಿನದ್ದು ಈಗ ಬೇಡ ಅಂದರು. ಒಣಕಣ್ಣಿಗೆ ಎರಡೂ ಒಟ್ಟಿಗೆ ಬೇಡ ಅಂತ. ಹಳೇ ಫೋಟೋ ತನ್ನಿ, 30 ವಯಸ್ಸಿನದ್ದು, ಅಂತಲೂ ಕೇಳಿದ್ದಾರೆ. ನಿಮ್ಮ ಕಣ್ಣು ಆಗ ಹೇಗಿತ್ತೋ ಅದರ ಹತ್ತಿರ ಹೋಗಬೇಕು, ಬೇರೆ ಯಾರದ್ದೋ ಕಣ್ಣು ಆಗಬಾರದು ಅಂದರು. ಈ ಮಾತಿಗೇ ನನಗೆ ಅವರು ಹಿಡಿಸಿದರು.

ನೇರಮಾತು
ಸರಿ, ಇದು ಪರವಾಗಿಲ್ಲ. ಮುಂದೂಡುವ ಡಾಕ್ಟರ್ ಸಿಕ್ಕರೆ ನಂಬಬಹುದು. ಆದರೂ ನಾನಾಗಿದ್ದರೆ ಮಾಡಿಸುತ್ತಿರಲಿಲ್ಲ.

ಕಪ್ಪುಕನ್ನಡಕ
ನಿಮಗೆ ಯಾರೂ ಮಾಡಿಸಿ ಅನ್ನುತ್ತಿಲ್ಲ ಸಾರ್.

ಮಬ್ಬುಮಂಜು
ಇನ್ನು ತಯಾರಿ ಹೇಗೆ ಅಂತ ಹೇಳಿ. ಪೂರ್ತಿ ಮಲಗಿಸಿ ಮಾಡುತ್ತಾರಾ ಅಂತ ಕೇಳಿದ್ದಕ್ಕೆ, ಇಲ್ಲ, ಮರಗಟ್ಟಿಸಿ ಮಾಡುತ್ತೇವೆ, ಮಧ್ಯೆ ಕಣ್ಣು ಬಿಡಿ ಮುಚ್ಚಿ ಅಂತ ಹೇಳುತ್ತೇವೆ ಅಂದರು. ಅದೊಂದೇ ಭಯ.

ಕಪ್ಪುಕನ್ನಡಕ
ಅದು ಒಳ್ಳೆಯದೇ ಅಕ್ಕ. ಟೋಸಿಸ್‌ಗೆ ಅಂತೂ ನೀವು ಕಣ್ಣು ಬಿಟ್ಟು ತೋರಿಸಿದರೇ ಅವರಿಗೆ ಎತ್ತರ ಗೊತ್ತಾಗುವುದು.

ನನಗೆ ಆದದ್ದು ಹೇಳುತ್ತೇನೆ. ಮೊದಲು ಕೂರಿಸಿಯೇ ಪೆನ್ನಲ್ಲಿ ಗೆರೆ ಹಾಕಿದರು. ಮಲಗಿದರೆ ಚರ್ಮ ಸರಿದುಬಿಡುತ್ತದೆ, ಲೆಕ್ಕ ತಪ್ಪುತ್ತದೆ ಅಂತ. ಗೆರೆ ಹಾಕುವಾಗ ಡಾಕ್ಟರ್ ಉಸಿರು ಬಿಗಿಹಿಡಿದಿದ್ದರು, ನಾನೂ ಹಿಡಿದಿದ್ದೆ. ಮರಗಟ್ಟಿಸುವ ಇಂಜೆಕ್ಷನ್ ಚುರುಚುರು ಉರಿಯುತ್ತದೆ. ಆ ಒಂದು ನಿಮಿಷವೇ ಇಡೀ ಆಪರೇಷನ್‌ನಲ್ಲಿ ಕಷ್ಟದ್ದು. ಆಮೇಲೆ ಎಳೆದ ಹಾಗೆ, ಒತ್ತಿದ ಹಾಗೆ ಗೊತ್ತಾಗುತ್ತದೆ, ನೋವಿಲ್ಲ. ರಕ್ತ ನಿಲ್ಲಿಸಲಿಕ್ಕೆ ಸುಡುವಾಗ ಒಂದು ವಾಸನೆ ಬರುತ್ತದೆ. ಅದನ್ನು ನನಗೆ ಯಾರೂ ಮುಂಚೆ ಹೇಳಿರಲಿಲ್ಲ, ಗಾಬರಿಯಾದೆ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ಮೇಲಿನದ್ದು ಮಾತ್ರ ಆದರೆ ಗಂಟೆಯೊಳಗೆ ಮುಗಿಯುತ್ತದೆ. ನಿಮ್ಮದು ಟೋಸಿಸ್ ಕೂಡ ಇರುವುದರಿಂದ ಸ್ವಲ್ಪ ಜಾಸ್ತಿ ಆಗಬಹುದು.

ಓಟಿಸಿಸ್ಟರ್
ಮೇಡಂ, ಮುಂದೆ ಬಟನ್ ಇರುವ ಬಟ್ಟೆ ಹಾಕಿಕೊಂಡು ಬನ್ನಿ, ತಲೆ ಮೇಲಿಂದ ಎಳೆಯುವಂಥದ್ದು ಬೇಡ. ಹಿಂದಿನ ದಿನವೇ ತಲೆಗೆ ಸ್ನಾನ ಮಾಡಿಕೊಳ್ಳಿ. ಮೇಕಪ್, ಅಂಟಿಸಿದ ರೆಪ್ಪೆಗೂದಲು ಏನೂ ಇರಬಾರದು. ಕರೆದುಕೊಂಡು ಹೋಗಲಿಕ್ಕೆ ಒಬ್ಬರು ಬೇಕೇ ಬೇಕು. ಮುಲಾಮು ಹಚ್ಚಿದ ಕಣ್ಣಲ್ಲಿ ಎಲ್ಲ ಮಂಜುಮಂಜು, ಗಾಡಿ ಓಡಿಸುವ ಮಾತೇ ಇಲ್ಲ.

ಮನೆಯಲ್ಲಿ ಮೊದಲ 48 ಗಂಟೆ ತಣ್ಣನೆ ಪ್ಯಾಕ್, ಎಚ್ಚರ ಇರುವಷ್ಟು ಹೊತ್ತು ಬಿಟ್ಟು ಬಿಟ್ಟು. ಐಸ್ ನೇರ ಚರ್ಮಕ್ಕೆ ಬೇಡ, ತೆಳು ಬಟ್ಟೆ ಸುತ್ತಿ. ಚರ್ಮ ಮರಗಟ್ಟಿರುತ್ತದೆ, ಸುಟ್ಟರೂ ಗೊತ್ತಾಗಲ್ಲ. ಎರಡು ಮೂರು ದಿಂಬು ಹಾಕಿ ತಲೆ ಎತ್ತರದಲ್ಲಿಟ್ಟು ಅಂಗಾತ ಮಲಗಿ. ಒಂದೆರಡು ವಾರ ಬಗ್ಗಿ ಏನೂ ಎತ್ತಬೇಡಿ, ತಿಣುಕಬೇಡಿ, ಮೂಗು ಜೋರಾಗಿ ಸೀಟಬೇಡಿ. ಮಲಬದ್ಧತೆ ಇರುವವರು ಅದಕ್ಕೂ ಮೊದಲೇ ಔಷಧಿ ಕೇಳಿಟ್ಟುಕೊಳ್ಳಿ. ನಗಬೇಡಿ, ಇದು ನಿಜವಾದ ಸಲಹೆ.

ಸಿಗರೇಟ್ ಸೇದುವವರು ಕನಿಷ್ಠ ನಾಲ್ಕು ವಾರ ಮುಂಚೆ ನಿಲ್ಲಿಸಿ. ಗಾಯ ಮಾಯುವುದು ನಿಧಾನ ಆಗುತ್ತದೆ.

ತಲೆಹರಟೆ
ನಗಬೇಡಿ ಅಂದರೆ ಹೇಗೆ ಸಿಸ್ಟರ್. ನಾನು ಇರುವ ಜಾಗದಲ್ಲಿ.

ಪುಟಾಣಿಸೂಜಿ
ಆಫೀಸಿಗೆ ಎಷ್ಟು ದಿನ ರಜೆ ಹಾಕಬೇಕು? ಯಾರಿಗೂ ಗೊತ್ತಾಗದ ಹಾಗೆ ಮಾಡಬಹುದಾ?

ಬೆಳ್ಳಿಕೂದಲು
ಮೂರನೇ ದಿನ ಕನ್ನಡಿ ನೋಡಿಕೊಳ್ಳಬೇಡಿ, ಅವತ್ತೇ ಊತ ಜಾಸ್ತಿ. ಹೊಲಿಗೆ 5ರಿಂದ 7 ದಿನಕ್ಕೆ ತೆಗೆಯುತ್ತಾರೆ. ಕಂದುಗಟ್ಟಿದ್ದು 10-14 ದಿನದಲ್ಲಿ ಹಳದಿಯಾಗಿ ಹೋಗುತ್ತದೆ. ಕೆಲಸ ಒಂದು ವಾರದಲ್ಲಿ ಮಾಡಬಹುದು, ಜನರ ಮುಂದೆ ಹೋಗಲಿಕ್ಕೆ ಎರಡು ವಾರ ಬೇಕು. ಕಣ್ಣಿನ ಮೇಕಪ್, ಲೆನ್ಸ್ ಎರಡೂ ಹೆಚ್ಚುಕಡಿಮೆ ಎರಡು ವಾರ ಇಲ್ಲ. ನಿಮ್ಮ ಒಣಕಣ್ಣಿಗೆ ಲೆನ್ಸ್ ಇನ್ನೂ ತಡವಾಗಬಹುದು ಮಂಜು ಅವರೇ, ಈಗಲೇ ಒಳ್ಳೆ ಚಷ್ಮಾ ಮಾಡಿಸಿಟ್ಟುಕೊಳ್ಳಿ. ಗೆರೆ ಕೆಂಪಾಗಿ ಕೆಲವು ತಿಂಗಳು ಇರುತ್ತದೆ. ಪೂರ್ತಿ ಕೂರಲಿಕ್ಕೆ 3ರಿಂದ 6 ತಿಂಗಳು. ಅಷ್ಟರೊಳಗೆ "ಒಂದು ಕಣ್ಣು ದೊಡ್ಡದು, ಒಂದು ಚಿಕ್ಕದು" ಅಂತ ಡಾಕ್ಟರಿಗೆ ದಿನಾ ಫೋಟೋ ಕಳಿಸಬೇಡಿ. ಊತ ಎರಡೂ ಕಡೆ ಒಂದೇ ಸಮ ಇಳಿಯಲ್ಲ.

ಗೊತ್ತಾಗದ ಹಾಗೆ ಅಂದರೆ ದಪ್ಪ ಫ್ರೇಮ್‌ನ ಚಷ್ಮಾ. ಫ್ರೇಮಿನ ಮೇಲಿನ ಅಂಚು ಸರಿಯಾಗಿ ಹೊಲಿಗೆಯ ಗೆರೆಗೇ ಬರುತ್ತದೆ.

ಪುಸ್ತಕಹುಳು
ದಪ್ಪ ಫ್ರೇಮ್ ಮತ್ತೆ ಫ್ಯಾಷನ್‌ಗೆ ಬಂದಿದೆಯಾ? ನನ್ನ ಹತ್ತಿರ ಹಳೇದು ಎರಡಿವೆ.

ಗೂಬೆಕಣ್ಣು
ಇನ್ಶೂರೆನ್ಸ್ ಸಿಗುತ್ತದಾ?

ಲೆನ್ಸ್‌ಅಣ್ಣ
ಅಂದಕ್ಕೆ ಅಂತಾದರೆ ಸಾಮಾನ್ಯವಾಗಿ ಇಲ್ಲ. ರೆಪ್ಪೆ ದೃಷ್ಟಿಗೆ ಅಡ್ಡ ಬರುತ್ತಿದೆ ಅಂತ ತೋರಿಸಬೇಕು. ಸುತ್ತ ಎಷ್ಟು ಕಾಣುತ್ತದೆ ಅಂತ ನೋಡುವ ಫೀಲ್ಡ್ ಟೆಸ್ಟ್ ಎರಡು ಸಲ ಮಾಡುತ್ತಾರೆ, ಒಮ್ಮೆ ರೆಪ್ಪೆ ಹಾಗೇ ಬಿಟ್ಟು, ಒಮ್ಮೆ ಟೇಪ್ ಹಚ್ಚಿ ಎತ್ತಿ. ಮೇಲ್ಭಾಗದ ನೋಟದಲ್ಲಿ ಎಷ್ಟು ವ್ಯತ್ಯಾಸ ಬಂತು ಅನ್ನುವುದೇ ದಾಖಲೆ. ಜೊತೆಗೆ ಮುಖದ ನೇರ ಫೋಟೋ. ಆಪರೇಷನ್ ಆದ ಮೇಲೆ ಈ ದಾಖಲೆ ಮಾಡಿಸಲಿಕ್ಕೆ ಆಗಲ್ಲ, ಆದ್ದರಿಂದ ಮುಂಚೆಯೇ ಪಾಲಿಸಿ ಓದಿ. ಮಂಜು ಅವರೇ, ನಿಮ್ಮ ಎಡಗಣ್ಣಿಗೆ ಇದನ್ನು ಕೇಳಿ ನೋಡಿ.

ಮಬ್ಬುಮಂಜು
ಕೇಳುತ್ತೇನೆ ಅಣ್ಣ. ಯಜಮಾನರು ಈಗ ಪೂರ್ತಿ ತಿರುಗಿದ್ದಾರೆ. "ನನ್ನ ಕಣ್ಣೂ ಒಮ್ಮೆ ಅಳೆಸೋಣ" ಅಂತಿದ್ದಾರೆ. ಕೊನೇ ಪ್ರಶ್ನೆ, ಹೊಲಿಗೆ ತೆಗೆಯುವಾಗ ನೋಯುತ್ತದಾ?

ಓಟಿಸಿಸ್ಟರ್
ಚುರ್ ಅನ್ನುತ್ತದೆ ಅಷ್ಟೇ. ಒಳಮೂಲೆಯದ್ದು ಒಂದು ಮಾತ್ರ ಸ್ವಲ್ಪ ಜಾಸ್ತಿ. ಅವತ್ತು ಬೆಳಗ್ಗೆ ಮುಲಾಮು ತೆಳುವಾಗಿ ಹಚ್ಚಿ ಮೆತ್ತಗೆ ಮಾಡಿಕೊಂಡು ಬನ್ನಿ. ಒಣಗಿದ ಹಕ್ಕಳೆಯನ್ನು ಉಗುರಲ್ಲಿ ಕೀಳಬೇಡಿ, ಎಳೆದರೆ ಗಾಯ ಬಿಚ್ಚಿಕೊಳ್ಳುತ್ತದೆ. ಯಜಮಾನರಿಗೂ ಹೇಳಿ, ಅಳೆಸಲಿಕ್ಕೆ ಬರುವಾಗ 30ರ ಫೋಟೋ ತರಬೇಕು ಅಂತ.